ಹೆದ್ದಾರಿ ಊರಾಚೆ ಸರಿದ ಮೇಲೆ: ಮಂಡ್ಯದ ಹಳೆಯ ರಸ್ತೆ, ಸರ್ವಿಸ್ ರಸ್ತೆ ಮತ್ತು ವರ್ಗೀಕರಣದ ಪ್ರಶ್ನೆ

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಮಂಡ್ಯ ನಗರದೊಳಕ್ಕೆ ಬರದೆ ಹೊರಗಿನಿಂದಲೇ ಸಾಗುತ್ತದೆ. ಬೈಪಾಸ್ ಬಳಕೆಗೆ ಬರುವವರೆಗೆ ಈ ಎರಡು ನಗರಗಳ ನಡುವಿನ ಬಹುಪಾಲು ವಾಹನಗಳು ಸಂಜಯ ವೃತ್ತವನ್ನು, ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯನ್ನು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯನ್ನು ಹಾದುಕೊಂಡೇ ಹೋಗಬೇಕಿತ್ತು. ಈಗ ಆ ಹಳೆಯ ರಸ್ತೆಯಲ್ಲಿ ಮುಖ್ಯವಾಗಿ ಓಡಾಡುವವರು ಮಂಡ್ಯದವರು ಮತ್ತು ಮಂಡ್ಯದಲ್ಲಿ ಕೆಲಸವಿದ್ದು ಬರುವ ಸುತ್ತಲಿನ ಹಳ್ಳಿಗಳವರು. ಆಸ್ಪತ್ರೆಗೆ ಬರುವ ರೋಗಿಗಳು, ಕಾಲೇಜಿನ ಮಕ್ಕಳು, ಕಚೇರಿ ಕೆಲಸಕ್ಕೆ ಬಂದ ರೈತರು, ಆಟೋಗಳು, ಸಾಮಾನ್ಯ ಸಾರಿಗೆ ಬಸ್ಸುಗಳು, ಕಬ್ಬಿನ ಟ್ರ್ಯಾಕ್ಟರುಗಳು ಆ ರಸ್ತೆಯ ನಿಜವಾದ ಬಳಕೆದಾರರು. ಹೀಗೆ ರಸ್ತೆಯ ಕೆಲಸ ಬದಲಾಗಿದ್ದರೂ ಅದರ ಅಗಲ, ಅದರ ನೇರವಾದ ಓಟ, ಅದರ ಮೇಲೆ ಅನ್ವಯವಾಗುವ ಸಾಮಾನ್ಯ ವೇಗಮಿತಿ ಎಲ್ಲವೂ ಹೆದ್ದಾರಿಯ ಕಾಲದವೇ ಆಗಿವೆ.

ಒಂದು ರಸ್ತೆಯನ್ನು ಯಾವ ವರ್ಗಕ್ಕೆ ಸೇರಿಸಬೇಕು, ಆ ನಿರ್ಧಾರವನ್ನು ಯಾರು ಮಾಡಬೇಕು, ಮಾಡದಿದ್ದರೆ ಯಾರ ಜೀವಕ್ಕೆ ಅಪಾಯ ಎಂಬ ಪ್ರಶ್ನೆಗಳನ್ನು ಇಲ್ಲಿ ಮಂಡ್ಯದ ಈ ಒಂದು ಸಂದರ್ಭವನ್ನಿಟ್ಟುಕೊಂಡು ಪರಿಶೀಲಿಸಲಾಗಿದೆ. ಬೈಪಾಸ್ ಪಡೆದ ಪ್ರತಿಯೊಂದು ಊರಿನಲ್ಲೂ, ಅಂದರೆ ಮದ್ದೂರಿನಲ್ಲಿ, ಶ್ರೀರಂಗಪಟ್ಟಣದಲ್ಲಿ, ಚನ್ನಪಟ್ಟಣದಲ್ಲಿ, ಇದೇ ಪ್ರಶ್ನೆ ಇದೆ. ಆದರೆ ಜಿಲ್ಲಾ ಕೇಂದ್ರವಾದ ಮಂಡ್ಯದಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಒಡೆತನದ ವರ್ಗ, ಅಗಲದ ವರ್ಗ

ನಮ್ಮಲ್ಲಿ ರಸ್ತೆಗಳ ವರ್ಗೀಕರಣ ಇಲ್ಲವೆಂದಲ್ಲ. 1943ರ ನಾಗಪುರ ಯೋಜನೆಯ ಕಾಲದಿಂದ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ಐದು ಹಂತಗಳು ಬಳಕೆಯಲ್ಲಿವೆ. ದುರಸ್ತಿಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕು, ಡಾಂಬರು ಹಾಕುವವರು ಹೆದ್ದಾರಿ ಪ್ರಾಧಿಕಾರವೋ ಲೋಕೋಪಯೋಗಿ ಇಲಾಖೆಯೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ಎಂಬುದನ್ನು ಈ ಪಟ್ಟಿ ಹೇಳುತ್ತದೆ. ನಗರದೊಳಗೆ ಇನ್ನೊಂದು ಪದ್ಧತಿ ಇದೆ: ನಗರಾಭಿವೃದ್ಧಿ ಪ್ರಾಧಿಕಾರಗಳು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ತಯಾರಿಸುವ ಮಹಾಯೋಜನೆಯ ನಕ್ಷೆಯಲ್ಲಿ ರಸ್ತೆಗಳನ್ನು ಅವುಗಳ ಅಗಲದಿಂದ ಗುರುತಿಸಲಾಗುತ್ತದೆ. ನಿವೇಶನದ ಮುಂದೆ ಎಷ್ಟು ಜಾಗ ಬಿಡಬೇಕು, ಎಷ್ಟು ಅಂತಸ್ತು ಕಟ್ಟಬಹುದು ಎಂಬುದನ್ನು ತೀರ್ಮಾನಿಸಲು ಆ ಅಗಲ ಬೇಕು.

ಎರಡೂ ಪದ್ಧತಿಗಳು ತಮ್ಮ ತಮ್ಮ ಉದ್ದೇಶಕ್ಕೆ ಸರಿಯಾಗಿಯೇ ಇವೆ. ಆದರೆ ರಸ್ತೆ ದಾಟಲು ನಿಂತ ಮುದುಕಿಗೆ ಆ ರಸ್ತೆ ಯಾವ ಇಲಾಖೆಯದು ಎಂಬುದರಿಂದ ಪ್ರಯೋಜನವಿಲ್ಲ. ಅಲ್ಲಿ ವಾಹನ ಎಷ್ಟು ವೇಗದಲ್ಲಿ ಬರುತ್ತದೆ, ನಿಲ್ಲುತ್ತದೋ ಇಲ್ಲವೋ ಎಂಬುದಷ್ಟೇ ಆಕೆಗೆ ಮುಖ್ಯ. ಸುರಕ್ಷತೆಗೆ ಬೇಕಾದದ್ದು ಮೂರನೆಯ ಬಗೆಯ ವರ್ಗೀಕರಣ, ಅಂದರೆ ರಸ್ತೆ ಮಾಡುವ ಕೆಲಸವನ್ನು ಆಧರಿಸಿದ ವರ್ಗೀಕರಣ. ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1983ರಲ್ಲಿಯೇ ನಗರ ರಸ್ತೆಗಳ ವಿನ್ಯಾಸಕ್ಕಾಗಿ ಪ್ರಕಟಿಸಿದ 86ನೆಯ ಸಂಹಿತೆಯಲ್ಲಿ ಪ್ರಧಾನ, ಉಪಪ್ರಧಾನ, ಸಂಗ್ರಾಹಕ ಮತ್ತು ಸ್ಥಳೀಯ ಎಂಬ ನಾಲ್ಕು ವರ್ಗಗಳನ್ನು ಮಾಡಿ, ಅವುಗಳ ವಿನ್ಯಾಸ ವೇಗವನ್ನು ಗಂಟೆಗೆ ಕ್ರಮವಾಗಿ 80, 60, 50 ಮತ್ತು 30 ಕಿ.ಮೀ. ಎಂದು ಸೂಚಿಸಿತ್ತು. 2018ರಲ್ಲಿ ಆ ಸಂಹಿತೆಯ ಪರಿಷ್ಕರಣೆಯೂ ಆಯಿತು. ಹೊಸ ರಸ್ತೆಯ ನಕ್ಷೆ ಬರೆಯುವಾಗ ಎಂಜಿನಿಯರುಗಳು ಇದನ್ನು ನೋಡುತ್ತಾರೆ. ಇರುವ ರಸ್ತೆಗಳನ್ನು ಒಂದೊಂದಾಗಿ ತೆಗೆದುಕೊಂಡು ಇದು ಇಂಥ ವರ್ಗ, ಆದ್ದರಿಂದ ಇಲ್ಲಿ ಇಂಥ ವೇಗ, ಇಂಥ ದಾಟುದಾರಿ, ಇಂಥ ವಾಹನಕ್ಕೆ ಪ್ರವೇಶ ಎಂದು ಬರೆದಿಡುವ ಅಭ್ಯಾಸ ಮಾತ್ರ ನಮ್ಮ ಸಣ್ಣ ನಗರಗಳಲ್ಲಿ ಬೆಳೆದಿಲ್ಲ.

ಈ ಕೊರತೆಗೆ ಕಾನೂನಿನಲ್ಲೇ ಒಂದು ಕಾರಣವಿದೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಗರಿಷ್ಠ ವೇಗದ ಅಧಿಸೂಚನೆ ನಾಲ್ಕೇ ನಾಲ್ಕು ಬಗೆಯ ರಸ್ತೆಗಳನ್ನು ಗುರುತಿಸುತ್ತದೆ: ಪ್ರವೇಶ ನಿಯಂತ್ರಣವಿರುವ ಎಕ್ಸ್‌ಪ್ರೆಸ್‌ವೇ, ವಿಭಜಕವಿರುವ ನಾಲ್ಕು ಅಥವಾ ಹೆಚ್ಚು ಪಥಗಳ ರಸ್ತೆ, ಪೌರಸಂಸ್ಥೆಯ ಮಿತಿಯೊಳಗಿನ ರಸ್ತೆ ಮತ್ತು ಇತರ ರಸ್ತೆ. ಕಾರುಗಳಿಗೆ ಇವುಗಳಲ್ಲಿ ಕ್ರಮವಾಗಿ 120, 100, 70 ಮತ್ತು 70 ಕಿ.ಮೀ. ಗರಿಷ್ಠ ವೇಗ, ದ್ವಿಚಕ್ರ ವಾಹನಗಳಿಗೆ ನಗರದೊಳಗೆ 60. ಇದರ ಅರ್ಥವನ್ನು ಮಂಡ್ಯದ ನೆಲದ ಮೇಲೆ ಇಟ್ಟು ನೋಡಬೇಕು. ಸ್ಥಳೀಯವಾಗಿ ಬೇರೆ ಆದೇಶವಿಲ್ಲದಿದ್ದರೆ ಹಳೆಯ ಹೆದ್ದಾರಿಯಲ್ಲಾಗಲಿ, ಅಂಗಡಿಗಳಿಂದ ತುಂಬಿದ ವಿ.ವಿ. ರಸ್ತೆಯಲ್ಲಾಗಲಿ, ಮಕ್ಕಳು ಚೆಂಡಾಡುವ ಬಡಾವಣೆಯ ಅಡ್ಡರಸ್ತೆಯಲ್ಲಾಗಲಿ ಕಾರಿನ ಕಾನೂನುಬದ್ಧ ಗರಿಷ್ಠ ವೇಗ ಒಂದೇ, ಗಂಟೆಗೆ 70 ಕಿ.ಮೀ. ಕೇಂದ್ರದ ಅಧಿಸೂಚನೆ ದೇಶಕ್ಕೆಲ್ಲ ಮೇಲಿನ ಗೆರೆಯನ್ನು ಎಳೆಯುತ್ತದೆ. ಅದರ ಕೆಳಗೆ ಊರಿನ ಒಂದೊಂದು ರಸ್ತೆಗೂ ತಕ್ಕ ಗೆರೆಯನ್ನು ಎಳೆಯಲು ಮೋಟಾರು ವಾಹನ ಕಾಯ್ದೆಯ 112ನೆಯ ಕಲಂ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ಅವಕಾಶ ನೀಡಿದೆ. ಕೆಲವು ವಾಹನಗಳನ್ನು ಕೆಲವು ರಸ್ತೆಗಳಿಂದ ದೂರವಿಡಲು 115ನೆಯ ಕಲಂ, ಅದನ್ನು ಫಲಕವಾಗಿ ನಿಲ್ಲಿಸಲು 116ನೆಯ ಕಲಂ ಇವೆ. ಕರ್ನಾಟಕದಲ್ಲಿ ಇಂಥ ಸಂಚಾರ ನಿರ್ಬಂಧದ ಆದೇಶಗಳು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಸಹಿಯಿಂದ ಹೊರಡುತ್ತವೆ. ಅಧಿಕಾರದ ಕೊರತೆ ಇಲ್ಲ. ಅದನ್ನು ಬಳಸಲು ಆಧಾರವಾಗಬೇಕಾದ ರಸ್ತೆಪಟ್ಟಿಯ ಕೊರತೆ ಇದೆ.

2023ರ ಆಗಸ್ಟ್ 1ರ ನಿರ್ಬಂಧ

ಕೆಲಸವನ್ನು ಆಧರಿಸಿ ರಸ್ತೆಯನ್ನು ವರ್ಗೀಕರಿಸಿದರೆ ಏನಾಗಬಹುದು ಎಂಬುದಕ್ಕೆ ಮಂಡ್ಯ ಜಿಲ್ಲೆಯೇ ಒಂದು ದೊಡ್ಡ ಉದಾಹರಣೆಯನ್ನು ಕಂಡಿದೆ. ಸುಮಾರು 118 ಕಿ.ಮೀ. ಉದ್ದದ, 8,480 ಕೋಟಿ ರೂಪಾಯಿ ವೆಚ್ಚದ ಈ ಹೆದ್ದಾರಿಯನ್ನು ಜನ ದಶಪಥ ಎನ್ನುತ್ತಾರಾದರೂ ಅದರಲ್ಲಿ ಆರು ಪಥಗಳು ಮುಖ್ಯ ರಸ್ತೆಗೆ, ಎರಡೂ ಬದಿಯಲ್ಲಿ ಎರಡೆರಡು ಪಥಗಳು ಸರ್ವಿಸ್ ರಸ್ತೆಗೆ ಸೇರಿವೆ. ತೆರೆದ ಮೊದಲ ತಿಂಗಳುಗಳಲ್ಲಿ ಮುಖ್ಯ ರಸ್ತೆಯ ಮೇಲೆ ಎಲ್ಲ ಬಗೆಯ ವಾಹನಗಳೂ ಓಡುತ್ತಿದ್ದವು; ಸಾವುಗಳ ಸುದ್ದಿ ಬರದ ವಾರವಿರಲಿಲ್ಲ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2023ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿ, ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್, ಮೋಟಾರು ಇಲ್ಲದ ಗಾಡಿ ಮೊದಲಾದವುಗಳನ್ನು ಮುಖ್ಯ ರಸ್ತೆಯಿಂದ ನಿಷೇಧಿಸಿತು. ವೇಗದ ಮಿತಿ ಗಂಟೆಗೆ 100 ಕಿ.ಮೀ. ಎಂದು ಬಿಗಿಯಾಯಿತು; ಪೊಲೀಸರು ವೇಗಮಾಪಕಗಳೊಡನೆ ನಿಂತರು; ಮುಂದೆ ಕ್ಯಾಮೆರಾಗಳೂ ಬಂದವು.

ಈ ನಿರ್ಬಂಧದ ಹಿಂದಿನ ಲೆಕ್ಕ ಸರಳವಾದುದು. ಗಂಟೆಗೆ 100 ಕಿ.ಮೀ. ವೇಗದ ಕಾರು 20 ಕಿ.ಮೀ. ವೇಗದ ಟ್ರ್ಯಾಕ್ಟರಿನ ಹಿಂದೆ ಬರುತ್ತಿದ್ದರೆ ಅವೆರಡರ ನಡುವಿನ ಅಂತರ ಸೆಕೆಂಡಿಗೆ 22 ಮೀಟರಿನಂತೆ ಕರಗುತ್ತದೆ. ಹಿಂಬದಿಯ ದೀಪವಿಲ್ಲದ ಟ್ರೇಲರ್ ರಾತ್ರಿಯಲ್ಲಿ 100 ಮೀಟರ್ ದೂರದಿಂದ ಕಣ್ಣಿಗೆ ಬಿದ್ದರೂ ಚಾಲಕನಿಗೆ ಸಿಗುವುದು ನಾಲ್ಕೂವರೆ ಸೆಕೆಂಡು ಮಾತ್ರ. ಅದರಲ್ಲಿ ಒಂದೂವರೆ ಸೆಕೆಂಡು ಅರಿಯುವುದರಲ್ಲೇ ಕಳೆಯುತ್ತದೆ. ಇಬ್ಬರಲ್ಲಿ ಯಾರೂ ನಿಯಮ ಮುರಿಯದೆಯೇ ಅಪಘಾತವಾಗಬಹುದು, ಏಕೆಂದರೆ ತಪ್ಪು ಆ ಎರಡು ವಾಹನಗಳನ್ನು ಒಂದೇ ಪಥದಲ್ಲಿ ಸೇರಿಸಿದ ವ್ಯವಸ್ಥೆಯದು.

ಪರಿಣಾಮ ದೊಡ್ಡದೇ ಆಯಿತು. ಪೊಲೀಸ್ ಇಲಾಖೆ ಪ್ರಕಟಿಸಿದ ಲೆಕ್ಕದಲ್ಲಿ ಈ ಹೆದ್ದಾರಿಯ ಸಾವುಗಳು 2023ರಲ್ಲಿ 180ಕ್ಕೂ ಹೆಚ್ಚಿದ್ದುದು 2024ರಲ್ಲಿ 50ರ ಆಸುಪಾಸಿಗೆ ಇಳಿದವು. ವಾಹನಗಳ ನಿಷೇಧ, ವೇಗದ ತಪಾಸಣೆ, ಕ್ಯಾಮೆರಾ, ವಿಭಜಕದ ಅನಧಿಕೃತ ಕಿಂಡಿಗಳನ್ನು ಮುಚ್ಚಿದ್ದು ಇವೆಲ್ಲ ಒಟ್ಟಿಗೇ ನಡೆದುದರಿಂದ ಇಳಿಕೆಯ ಶ್ರೇಯವನ್ನು ಒಂದೇ ಕ್ರಮಕ್ಕೆ ಕೊಡಲಾಗದು. ಆದರೆ ಆ ಎಲ್ಲ ಕ್ರಮಗಳಿಗೂ ಮೂಲವಾದ ನಿರ್ಧಾರ ಒಂದೇ ಆಗಿತ್ತು: ಈ ರಸ್ತೆ ದೂರದ ವೇಗದ ಪ್ರಯಾಣಕ್ಕೆ ಮಾತ್ರ, ಬೇರೆ ಕೆಲಸಕ್ಕಲ್ಲ ಎಂದು ಸ್ಪಷ್ಟವಾಗಿ ಬರೆದದ್ದು.

ಹೊರಹಾಕಿದವರು ಎಲ್ಲಿಗೆ ಹೋದರು

ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಭಾಗ ಇಲ್ಲಿಂದ ಆರಂಭವಾಗುತ್ತದೆ. ಮುಖ್ಯ ರಸ್ತೆಯಿಂದ ಹೊರಬಿದ್ದ ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನಗಾಡಿಗಳು ಓಡಾಟವನ್ನೇನೂ ನಿಲ್ಲಿಸಲಿಲ್ಲ. ಅವು ಸರ್ವಿಸ್ ರಸ್ತೆಗೂ ಊರೊಳಗಿನ ಹಳೆಯ ರಸ್ತೆಗೂ ಬಂದವು. ಮುಖ್ಯ ರಸ್ತೆಗೆ ಸಿಕ್ಕ ಸ್ಪಷ್ಟವಾದ ವರ್ಗ ಈ ಎರಡಕ್ಕೂ ಸಿಗಲಿಲ್ಲ.

ಸರ್ವಿಸ್ ರಸ್ತೆಯನ್ನು ಹೆದ್ದಾರಿಯ ಬಾಲವೆಂದು ನೋಡುವುದು ವಾಡಿಕೆ. ಗೆಜ್ಜಲಗೆರೆ, ಹನಕೆರೆ, ಇಂಡುವಾಳು, ತೂಬಿನಕೆರೆಯಂಥ ಊರುಗಳ ಜನಕ್ಕೆ ಅದೇ ಊರಿನ ಮುಖ್ಯ ಬೀದಿ. ಬಸ್ಸಿಗೆ ಕಾಯುವುದು ಅಲ್ಲಿ, ಹಾಲಿನ ಡೇರಿಗೆ ಕ್ಯಾನು ಒಯ್ಯುವುದು ಅಲ್ಲಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವ್ಯಾನು ಹತ್ತುವುದು ಅಲ್ಲಿ. ಸುಂಕ ಉಳಿಸಿಕೊಳ್ಳಲು ಬಯಸುವ ಕೆಲವು ಕಾರುಗಳೂ ಅದೇ ದಾರಿ ಹಿಡಿಯುತ್ತವೆ, ಮತ್ತು ಅವು ಹೆದ್ದಾರಿಯ ವೇಗದ ಅಭ್ಯಾಸವನ್ನು ತಮ್ಮೊಡನೆ ತರುತ್ತವೆ. ಆಚೆ ಬದಿಗೆ ದಾಟಲು ಅಂಡರ್‌ಪಾಸ್ ದೂರವಿದ್ದರೆ ಬೈಕಿನವರು ಅಷ್ಟು ದೂರವನ್ನು ಎದುರು ದಿಕ್ಕಿನಲ್ಲೇ ಓಡಿಸುತ್ತಾರೆ. ಹನಕೆರೆಯ ಗ್ರಾಮಸ್ಥರು ಅಂಡರ್‌ಪಾಸ್‌ಗಾಗಿ ಧರಣಿ ಕೂತದ್ದು ಈ ಕಾರಣದಿಂದಲೇ ಅರ್ಥವಾಗುತ್ತದೆ: ಗದ್ದೆ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ ಇರುವವನಿಗೆ ದಾಟುವ ಜಾಗ ಸೌಲಭ್ಯವಲ್ಲ, ದಿನದ ಅಗತ್ಯ. ಸರ್ವಿಸ್ ರಸ್ತೆಯನ್ನು ‘ಗ್ರಾಮ ವಸತಿಯ ರಸ್ತೆ’ ಎಂದು ವರ್ಗೀಕರಿಸಿದ್ದರೆ ಅದರೊಂದಿಗೆ ಕಡಿಮೆ ವೇಗದ ಮಿತಿ, ಬಸ್ ತಂಗುದಾಣ, ದೀಪ, ಕಾಲುದಾರಿ, ಇಂತಿಷ್ಟು ದೂರಕ್ಕೊಂದು ದಾಟುದಾರಿ ಇವೆಲ್ಲ ವರ್ಗದ ಅಂಗವಾಗಿಯೇ ಬರುತ್ತಿದ್ದವು. ಒಂದೊಂದಕ್ಕೂ ಮನವಿ, ಧರಣಿ, ಮಂತ್ರಿಗಳ ಭೇಟಿ ಬೇಕಾಗುತ್ತಿರಲಿಲ್ಲ.

ಮಂಡ್ಯಕ್ಕೆ ವಿಶೇಷವಾದ ಇನ್ನೊಂದು ಸಂಗತಿ ಕಬ್ಬು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆ ನಗರಕ್ಕೆ ಅಂಟಿಕೊಂಡೇ ಇದೆ. ಕೆಲವು ವರ್ಷ ನಿಂತಿದ್ದ ಅರೆಯುವಿಕೆ ಮತ್ತೆ ಆರಂಭವಾದ ಅವಧಿಯಲ್ಲೇ ಹೆದ್ದಾರಿಯ ಸ್ವರೂಪವೂ ಬದಲಾದುದರಿಂದ, ಹಂಗಾಮಿನಲ್ಲಿ ಕಾರ್ಖಾನೆಗೆ ಬರುವ ಟ್ರ್ಯಾಕ್ಟರುಗಳು ಸರ್ವಿಸ್ ರಸ್ತೆ ಮತ್ತು ಊರೊಳಗಿನ ರಸ್ತೆಗಳನ್ನೇ ನೆಚ್ಚಬೇಕಾಯಿತು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಅಗಲಕ್ಕೂ ಎತ್ತರಕ್ಕೂ ಹೊರಚಾಚಿದ ಕಬ್ಬು ಹೇರಿಕೊಂಡು ಸಾಗುವ ಗಾಡಿಗಳಿಗೆ ಯಾವ ರಸ್ತೆ, ಯಾವ ಹೊತ್ತು ಎಂಬುದು ಚಾಲಕನ ಆಯ್ಕೆಗೆ ಬಿಟ್ಟ ವಿಷಯವಾಗಬಾರದು. ಕಬ್ಬು ತರುವವನನ್ನು ತಪ್ಪಿತಸ್ಥನೆಂದು ನೋಡುವ ಮನೋಭಾವವನ್ನು ನಾನು ಒಪ್ಪುವುದಿಲ್ಲ. ಅವನ ಸರಕು ಈ ಊರಿನ ಬದುಕು. ಅವನಿಗೆ ಸುರಕ್ಷಿತವಾದ ದಾರಿಯನ್ನು ಗುರುತಿಸಿಕೊಡುವುದು ವರ್ಗೀಕರಣದ ಕೆಲಸಗಳಲ್ಲೊಂದು.

ಹಳೆಯ ರಸ್ತೆಯನ್ನು ಹೇಗೆ ವರ್ಗೀಕರಿಸಬಹುದು

ನೆದರ್‌ಲ್ಯಾಂಡ್ಸ್ 1990ರ ದಶಕದಲ್ಲಿ ತನ್ನ ಪ್ರತಿಯೊಂದು ರಸ್ತೆಯನ್ನೂ ಮೂರು ಕೆಲಸಗಳಲ್ಲಿ ಒಂದಕ್ಕೆ ಸೇರಿಸುವಂತೆ ರಸ್ತೆ ಪ್ರಾಧಿಕಾರಗಳಿಗೆ, ಪುರಸಭೆಗಳೂ ಸೇರಿದಂತೆ, ಹೊಣೆ ವಹಿಸಿತು: ದೂರದ ಸಾಗಾಟ, ಹಂಚಿಕೆ (ದೊಡ್ಡ ರಸ್ತೆಯಿಂದ ಬಂದ ವಾಹನಗಳನ್ನು ಊರಿನ ಬೇರೆ ಬೇರೆ ಭಾಗಗಳಿಗೆ ಕಳುಹಿಸುವುದು), ಮನೆ ಮತ್ತು ಅಂಗಡಿಗಳಿಗೆ ಪ್ರವೇಶ. ಒಂದು ರಸ್ತೆ ಎರಡು ಕೆಲಸ ಮಾಡತೊಡಗಿದರೆ ಅಲ್ಲಿಯೇ ಅಪಾಯ ಹುಟ್ಟುತ್ತದೆ ಎಂಬುದು ಅದರ ಆಧಾರಸೂತ್ರ. ಅಲ್ಲಿನ ವಿಭಾಗವನ್ನು ಇದ್ದಂತೆಯೇ ತರಲು ಬಾರದು, ಏಕೆಂದರೆ ನಮ್ಮ ಹಂಚಿಕೆಯ ರಸ್ತೆಗಳ ಎರಡೂ ಬದಿಯಲ್ಲಿ ಅಂಗಡಿಗಳಿವೆ, ಅವು ಹೋಗುವುದೂ ಇಲ್ಲ. ಆದರೂ ಸೂತ್ರ ಬಹಳ ಉಪಯುಕ್ತ.

ಮಂಡ್ಯದ ಹಳೆಯ ಹೆದ್ದಾರಿಯನ್ನು ಒಂದೇ ರಸ್ತೆಯೆಂದು ಭಾವಿಸುವುದನ್ನು ಮೊದಲು ಬಿಡಬೇಕು. ಬೈಪಾಸಿನಿಂದ ಊರಿಗೆ ತಿರುಗುವ ಎರಡೂ ತುದಿಗಳಲ್ಲಿ ಅದು ಇನ್ನೂ ಹಂಚಿಕೆಯ ರಸ್ತೆಯೇ. 100ರ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬಂದ ಚಾಲಕನಿಗೆ 60 ಕಿ.ಮೀ. ನಿಧಾನವೆನಿಸುತ್ತದೆ, ಆದ್ದರಿಂದ ಈ ತುದಿಗಳಲ್ಲಿ ಫಲಕವೊಂದೇ ಸಾಲದು. ರಸ್ತೆಯ ಅಗಲ ಕಿರಿದಾಗುತ್ತಿರುವುದು ಕಣ್ಣಿಗೆ ಕಾಣಬೇಕು, ಊರಿನ ಹೆಬ್ಬಾಗಿಲಿನಂಥ ಗುರುತು ಇರಬೇಕು, ದೀಪಗಳ ಸಾಲು ಅಲ್ಲಿಂದಲೇ ಶುರುವಾಗಬೇಕು.

ನಡುವಿನ ಭಾಗ ಬೇರೆಯದೇ. ಆಸ್ಪತ್ರೆ, ಸಂಜಯ ವೃತ್ತ, ಬಸ್ ನಿಲ್ದಾಣದ ಕಡೆಯ ತಿರುವು ಇರುವ ಈ ಉದ್ದದಲ್ಲಿ ದಾಟುವವರ ಸಂಖ್ಯೆ ಸಾಗುವವರ ಸಂಖ್ಯೆಗೆ ಸರಿಸಾಟಿ. ಇಲ್ಲಿ 40 ಕಿ.ಮೀ. ಮಿತಿಯೇ ನ್ಯಾಯವೆಂದು ನನ್ನ ಅಭಿಪ್ರಾಯ. 70ರ ವೇಗದ ವಾಹನದಲ್ಲಿರುವ ಚಲನಶಕ್ತಿ 40ರ ವೇಗದಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು, ಮತ್ತು ಪಾದಚಾರಿಯ ದೇಹಕ್ಕೆ ತಗಲುವುದು ಆ ಶಕ್ತಿ. ಈ ಭಾಗದಲ್ಲಿ ಇನ್ನೊಂದು ಇಕ್ಕಟ್ಟು ಇದೆ. ಜಿಲ್ಲೆಯ ಮೂಲೆಮೂಲೆಯಿಂದ ಆಂಬುಲೆನ್ಸುಗಳು ಬರುವುದು ಈ ರಸ್ತೆಗೇ. ಆದ್ದರಿಂದ ವೇಗ ಇಳಿಸಲು ಇಲ್ಲಿ ಹಂಪ್ಸ್ ಹಾಕಬಾರದು. ಸಿಗ್ನಲ್, ವಿಭಜಕದ ನಡುವೆ ನಿಂತು ದಾಟಬಹುದಾದ ತಂಗುಜಾಗ, ಕ್ಯಾಮೆರಾ ಇವುಗಳಿಂದಲೇ ಕೆಲಸ ಮಾಡಬೇಕು.

ಹಂಪ್ಸ್ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅಗತ್ಯ. ನಮ್ಮ ಕಡೆ ಒಂದು ಸಾವಾದ ಮರುದಿನ ಜನ ರಸ್ತೆ ತಡೆದು ಹಂಪ್ಸ್ ಕೇಳುತ್ತಾರೆ, ಅಧಿಕಾರಿಗಳು ಆ ರಾತ್ರಿಯೇ ಹಾಕಿಸುತ್ತಾರೆ. ಜನರ ದುಃಖಕ್ಕೆ ಅದು ಕೈಗೆ ಸಿಗುವ ಒಂದೇ ಉತ್ತರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದ ವಾಹನ ಅದನ್ನು ಮೆಲ್ಲಗೆ ಹತ್ತಿ ಇಳಿಯಬೇಕು. ರಾತ್ರೋರಾತ್ರಿ ಬೀಳುವವು ಗೋಡೆಯಂತೆ ಕಿರಿದು, ಬಣ್ಣವಿಲ್ಲದವು. ಬೈಕಿನ ಹಿಂದೆ ಕೂತವರು ಬೀಳುವುದು, ಕಬ್ಬಿನ ಟ್ರೇಲರ್ ವಾಲುವುದು ಅಲ್ಲೇ. ರಸ್ತೆಯ ವರ್ಗ ಮೊದಲೇ ತೀರ್ಮಾನವಾಗಿದ್ದರೆ, ಬಡಾವಣೆಯ ರಸ್ತೆಗೆ ಹಂಪ್, ಹಂಚಿಕೆಯ ರಸ್ತೆಗೆ ಎತ್ತರಿಸಿದ ದಾಟುದಾರಿ ಅಥವಾ ಸಿಗ್ನಲ್, ಹೆದ್ದಾರಿಗೆ ಅಂಡರ್‌ಪಾಸ್ ಎಂಬ ಉತ್ತರ ಸಿದ್ಧವಿರುತ್ತದೆ, ಮತ್ತು ಅದನ್ನು ದುಃಖದಲ್ಲಿರುವ ಜನರ ಮುಂದೆ ನಿಂತು ವಿವರಿಸಲೂ ಬರುತ್ತದೆ.

ವಿ.ವಿ. ರಸ್ತೆಯಂಥ ವ್ಯಾಪಾರದ ಬೀದಿಗಳು ಮತ್ತು ಬಡಾವಣೆಗಳ ಅಡ್ಡರಸ್ತೆಗಳು ಪ್ರವೇಶದ ರಸ್ತೆಗಳು, 30 ಕಿ.ಮೀ. ಅಲ್ಲಿ ಮೇಲಿನ ಗೆರೆಯಾಗಬೇಕು, ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಕಾಲುದಾರಿ ಇರಬೇಕು. ನೂರಡಿ ರಸ್ತೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬರಬಹುದು. ಅದು ಅಗಲವಾಗಿದೆ ಎಂಬ ಕಾರಣಕ್ಕೆ ಪ್ರಧಾನ ರಸ್ತೆ ಎನ್ನುವುದು ಸುಲಭ, ಆದರೆ ಅದರ ಪ್ರಯಾಣಗಳಲ್ಲಿ ಎಷ್ಟು ಅಲ್ಲೇ ಮುಗಿಯುತ್ತವೆ, ಎಷ್ಟು ಹಾದುಹೋಗುತ್ತವೆ ಎಂದು ಎಣಿಸದೆ ತೀರ್ಮಾನಿಸಬಾರದು. ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಆ ವೇಗವನ್ನೂ ಅಳೆಯಬೇಕು. ಅದು ನಿಗದಿಪಡಿಸಲಿರುವ ಮಿತಿಗಿಂತ ಬಹಳ ಮೇಲಿದ್ದರೆ, ಫಲಕದ ಜೊತೆಗೆ ರಸ್ತೆಯ ರಚನೆಯನ್ನೂ ಬದಲಿಸಬೇಕೆಂದು ಅರ್ಥ.

ಅಡ್ಡಿಗಳು

ವಿರೋಧ ಬರುವುದು ಖಚಿತ. ಬೈಪಾಸ್ ಆದ ಮೇಲೆ ಹಳೆಯ ರಸ್ತೆಯ ಹೋಟೆಲುಗಳು, ಮದ್ದೂರಿನ ವಡೆಯ ಅಂಗಡಿಗಳು, ಚನ್ನಪಟ್ಟಣದ ಬೊಂಬೆಯ ಮಳಿಗೆಗಳು ಗಿರಾಕಿಗಳನ್ನು ಕಳೆದುಕೊಂಡವು. ಇನ್ನೊಂದು ನಿರ್ಬಂಧವೆಂದರೆ ವ್ಯಾಪಾರಿಗಳು ಹೆದರುವುದು ಸಹಜ. ಆದರೆ 40ರಲ್ಲಿ ಬರುವ ವಾಹನ ಅಂಗಡಿಯ ಮುಂದೆ ನಿಲ್ಲಬಲ್ಲದು, 70ರಲ್ಲಿ ಬರುವುದು ನಿಲ್ಲುವುದಿಲ್ಲ. ಈ ಮಾತನ್ನು ಅವರೊಡನೆ ಕುಳಿತು ಆಡಬೇಕು, ಆದೇಶ ಹೊರಟ ಮೇಲಲ್ಲ, ಮೊದಲೇ.

ದೊಡ್ಡ ಅಡ್ಡಿ ಇಲಾಖೆಗಳ ನಡುವಿನದು. ಹೆದ್ದಾರಿಯಿಂದ ಬಿಟ್ಟುಹೋದ ತುಂಡನ್ನು ಒಮ್ಮೆ ದುರಸ್ತಿ ಮಾಡಿ ರಾಜ್ಯಕ್ಕೆ ಹಸ್ತಾಂತರಿಸುವುದು ದೇಶದಲ್ಲಿ ನಡೆದುಬಂದ ಕ್ರಮ. ಹಸ್ತಾಂತರದ ಕಡತದಲ್ಲಿ ಡಾಂಬರಿನ ದಪ್ಪ, ಮೋರಿಗಳ ಸಂಖ್ಯೆ ಇರುತ್ತವೆ. ಇನ್ನು ಮುಂದೆ ಈ ರಸ್ತೆಯ ಕೆಲಸವೇನು ಎಂಬ ಕಾಲಮ್ಮು ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಯಾವ ವರ್ಗದ ರಸ್ತೆ ಎಂದೇ ಬರೆದಿರದಿದ್ದರೆ ಯಾವ ಮಾನದಂಡ ಮುರಿದಿದೆ ಎಂದು ಯಾರು ಹೇಳುವುದು?

ಬ್ಲ್ಯಾಕ್ ಸ್ಪಾಟ್ ಪದ್ಧತಿಯನ್ನೇ ನೆಚ್ಚುವುದರಲ್ಲೂ ತೊಂದರೆ ಇದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಆದರೆ ಅದು ಬ್ಲ್ಯಾಕ್ ಸ್ಪಾಟ್. ಅಂದರೆ ಗುರುತಿಸುವುದಕ್ಕೆ ಮೊದಲು ಜನ ಸಾಯಬೇಕು. ರಸ್ತೆಯ ವರ್ಗೀಕರಣ ಸಾವಿಗೆ ಮೊದಲೇ ಮಾಡಬಹುದಾದ ಕೆಲಸ.

ಯಾರು, ಯಾವಾಗ

ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುತ್ತವೆ. ನಗರಸಭೆ, ನಗರಾಭಿವೃದ್ಧಿ ಪ್ರಾಧಿಕಾರ ಮತ್ತು ಹೆದ್ದಾರಿ ಪ್ರಾಧಿಕಾರವನ್ನು ಕರೆಸಿದರೆ ಬೇಕಾದವರೆಲ್ಲ ಅಲ್ಲಿರುತ್ತಾರೆ. ನಗರದ ನಕ್ಷೆಯ ಮೇಲೆ ಪ್ರತಿ ರಸ್ತೆಗೂ ಬಣ್ಣ ಹಾಕುವ ಕೆಲಸವನ್ನು ವಾರ್ಡಿನ ಸದಸ್ಯರು, ಆಟೋ ಚಾಲಕರು, ಶಾಲೆಯ ಮುಖ್ಯಶಿಕ್ಷಕರು ಜೊತೆಗಿದ್ದು ಮಾಡಬೇಕು. ಮಕ್ಕಳು ಯಾವ ಜಾಗದಲ್ಲಿ ದಾಟುತ್ತಾರೆಂಬುದು ಕಡತಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು. ಈ ಪಟ್ಟಿಗೆ ಇನ್ನೊಂದು ಪ್ರಯೋಜನವೂ ಉಂಟು. ಕಾವೇರಿ ಚಳವಳಿಯಂಥ ಸಂದರ್ಭದಲ್ಲಿ ವಿಶ್ವೇಶ್ವರಯ್ಯ ಪ್ರತಿಮೆಯ ಮುಂದೆ ರಸ್ತೆ ಬಂದ್ ಆದಾಗ ಆಂಬುಲೆನ್ಸನ್ನೂ ಬಸ್ಸನ್ನೂ ಯಾವ ರಸ್ತೆಗೆ ತಿರುಗಿಸಬಹುದು, ಯಾವುದಕ್ಕೆ ತಿರುಗಿಸಬಾರದು ಎಂಬುದು ಮೊದಲೇ ತಿಳಿದಿರುತ್ತದೆ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದು. ಆಯ್ಕೆ ಮಾಡಬೇಕಾದರೆ ಸರ್ವಿಸ್ ರಸ್ತೆಯನ್ನು ನಾನು ಮೊದಲಿಗೆ ಇಡುತ್ತೇನೆ, ಏಕೆಂದರೆ ಅಲ್ಲಿಗೆ ಜನರನ್ನು ಕಳುಹಿಸಿದ್ದು ಸರ್ಕಾರದ ಅಧಿಸೂಚನೆಯೇ. ಎರಡನೆಯದು ಆಸ್ಪತ್ರೆಯಿಂದ ಸಂಜಯ ವೃತ್ತದವರೆಗಿನ ತುಂಡು. ಕಬ್ಬಿನ ಗಾಡಿಗಳ ದಾರಿ ಮತ್ತು ವೇಳೆಯನ್ನು ಗೊತ್ತುಪಡಿಸುವ ಆದೇಶಕ್ಕೆ ಮಾತ್ರ ಈ ಸರದಿ ಅನ್ವಯಿಸುವುದಿಲ್ಲ: ಅದು ಪ್ರತಿ ವರ್ಷ ಕಾರ್ಖಾನೆ ಅರೆಯಲು ಆರಂಭಿಸುವ ಮೊದಲು ಹೊರಡಬೇಕು, ಮತ್ತು ಅದೇ ಆದೇಶದ ಜೊತೆಗೆ ಪ್ರತಿ ಟ್ರೇಲರಿನ ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸ ಕಾರ್ಖಾನೆಯಲ್ಲಿ ಗಾಡಿಗಳನ್ನು ತೂಗುವ ವೇಬ್ರಿಡ್ಜ್ ಬಳಿಯೇ ಮುಗಿಯಬೇಕು.